ಅಳೋ ಹೆಂಗಸರು, ಕುರ್ಚಿ ಎಣಿಸೋ ಗಂಡಸರು

ದೊಡ್ಡಪ್ಪ ತೀರಿಕೊಂಡ ದಿನ ನಲ್ಲೂರಿನ ನಮ್ಮ ಮನೆ ಮುಂದೆ ಯಾರೂ ಹೇಳದೇನೇ ಕೆಲಸ ಹಂಚಿಹೋಗಿತ್ತು. ಹೆಂಗಸರು ಒಳಗೆ, ಗಂಡಸರು ಹೊರಗೆ. ಶಾಮಿಯಾನದವರಿಗೆ ಫೋನು, ಹೂವಿನ ಹಾರ, ತಮಟೆಯವರು, ಗುಂಡಿ ತೆಗೆಯೋರು, ಬಂದವರಿಗೆ ಕಾಫಿ. ಎಲ್ಲಾ ಗಂಡಸರ ಕೈಯಲ್ಲೂ ಏನಾದರೊಂದು ಕೆಲಸ ಇತ್ತು. ಇಲ್ಲದವರು ಫೋನ್ ಹಿಡಿದುಕೊಂಡಿದ್ದರು. ನಾನೂ ಅಷ್ಟೇ. ಬೆಳಗ್ಗೆ ಹನ್ನೊಂದಕ್ಕೆ ಒಂದು ರಿಲೀಸ್ ಇತ್ತು, ಹಿತ್ತಲಲ್ಲಿ ನಿಂತು ಟೀಮಿಗೆ ಮೆಸೇಜ್ ಹಾಕ್ತಿದ್ದೆ.

ಅಪ್ಪ ಕುರ್ಚಿ ಎಣಿಸುತ್ತಿದ್ದರು. ನೂರು ಕುರ್ಚಿ. ಒಂದು ಸಲ ಎಣಿಸಿ ಮುಗಿಸಿ, ಮತ್ತೆ ಶುರು ಮಾಡಿದರು. ಮೂರನೇ ಸಲ ಎಣಿಸೋದನ್ನ ನಾನೇ ನೋಡಿದೆ. ಒಡಹುಟ್ಟಿದ ಅಣ್ಣ ಒಳಗೆ ಮಲಗಿದ್ದಾನೆ, ಇವರು ಕುರ್ಚಿ ಎಣಿಸ್ತಿದ್ದಾರೆ.

ಒಳಗೆ ದೊಡ್ಡಮ್ಮ ಹಾಡಿಕೊಂಡು ಅಳ್ತಿದ್ದಳು. ನಮ್ಮ ಕಡೆ ಸಾವಿನ ಮನೆ ನೋಡಿದವರಿಗೆ ಗೊತ್ತು, ಅದು ಬರೀ ಅಳು ಅಲ್ಲ, ಲೆಕ್ಕ ಒಪ್ಪಿಸೋದು. ಮದುವೆ ಆದಾಗ ಎಷ್ಟು ಸಾಲ ಇತ್ತು, ಹಿಪ್ಪುನೇರಳೆ ತೋಟ ಹೆಂಗೆ ಮಾಡಿದ್ರು, ಯಾವ ವರ್ಷ ರೇಷ್ಮೆ ಗೂಡಿಗೆ ರೇಟು ಬಿದ್ದು ಊಟ ಬಿಟ್ಟು ಕೂತಿದ್ರು, ಎಲ್ಲಾ ಬಂತು. ನಡುವೆ ಒಂದು ಸಾಲು ಪದೇ ಪದೇ ಬರ್ತಿತ್ತು: "ಎರಡು ದಿನ ಎದೆ ಉಜ್ಕೊಂಡು ಓಡಾಡ್ದಲ್ಲೋ ನನ್ ದೊರೆ, ನನ್ಗೊಂದು ಮಾತು ಹೇಳ್ಲಿಲ್ವಲ್ಲೋ."

ಅದು ನಿಜ. ದೊಡ್ಡಪ್ಪನಿಗೆ ಅರವತ್ನಾಲ್ಕು. ಎರಡು ದಿನದಿಂದ ಎದೆಯಲ್ಲಿ ಏನೋ ಒತ್ತಿದ ಹಾಗೆ ಆಗ್ತಿತ್ತಂತೆ. ಗ್ಯಾಸ್ಟ್ರಿಕ್ ಅಂತ ಅಂಗಡಿಯಲ್ಲಿ ಸೋಡಾ ಕುಡಿದಿದ್ದಾರೆ. ಅಂಗಡಿಯವನಿಗೆ ಹೇಳಿದ್ದು ಹೆಂಡತಿಗೆ ಹೇಳಿಲ್ಲ. ಮೂರನೇ ದಿನ ಬೆಳಗಿನ ಜಾವ ಎಲ್ಲಾ ಮುಗಿದುಹೋಗಿತ್ತು.

ಹನ್ನೊಂದನೇ ದಿನ, ತಿಥಿ ಊಟ ಮುಗಿದ ಮೇಲೆ, ನರ್ಸಿಂಗ್ ಓದುತ್ತಿರುವ ತಂಗಿ ಬಿಪಿ ಮೆಷೀನ್ ತಂದು ಒಬ್ಬೊಬ್ಬರದ್ದೇ ನೋಡಿದಳು. ಎಂಬತ್ತಾರರ ಅಜ್ಜಿ, ದೊಡ್ಡ ಮಗನನ್ನ ಮಣ್ಣು ಮಾಡಿ ಬಂದವಳು, ಬಿಪಿ 134. ಅಪ್ಪನದು 178ಕ್ಕೆ 104. "ಬಿಸಿಲಲ್ಲಿ ನಿಂತಿದ್ನಲ್ಲ, ಅದಕ್ಕೆ" ಅಂತ ಹೇಳಿ ಅಪ್ಪ ಎದ್ದು ಪಾತ್ರೆ ವಾಪಸ್ ಕಳಿಸೋಕೆ ಹೋದರು.

ಅವತ್ತೇ ರಾತ್ರಿ ಫ್ಯಾಮಿಲಿ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಹೆಂಗಸರು ಅತ್ತು ದೇಹದ ವಿಷ ಹೊರಗೆ ಹಾಕ್ತಾರೆ, ಗಂಡಸರು ಒಳಗೇ ಇಟ್ಕೊಳ್ತಾರೆ, ಅದಕ್ಕೇ ಹೆಂಗಸರು ಜಾಸ್ತಿ ದಿನ ಬದುಕ್ತಾರೆ ಅಂತ. ಬೇರೆ ದಿನ ಆಗಿದ್ದರೆ ನೋಡದೇ ಬಿಡ್ತಿದ್ದೆ. ಅವತ್ತು ಬಿಡೋಕಾಗಲಿಲ್ಲ. ಮುಂದಿನ ಎರಡು ವಾರ ಆಫೀಸ್ ಮುಗಿದ ಮೇಲೆ ಅದನ್ನೇ ಓದಿದೆ.

ಮೊದಲು ಕಣ್ಣೀರಿನ ವಿಷಯ. ಈ 'ವಿಷ ಹೊರಗೆ' ಕತೆಗೆ ಒಂದು ಮೂಲ ಇದೆ. ಅಮೆರಿಕದ ಮಿನೆಸೋಟಾದಲ್ಲಿ ವಿಲಿಯಂ ಫ್ರೇ ಅನ್ನೋ ಜೀವರಸಾಯನ ವಿಜ್ಞಾನಿ 1980ರ ದಶಕದಲ್ಲಿ ಜನರಿಗೆ ದುಃಖದ ಸಿನಿಮಾ ತೋರಿಸಿ ಕಣ್ಣೀರು ಸಂಗ್ರಹಿಸಿದರು. ಈರುಳ್ಳಿಯಿಂದ ಬಂದ ಕಣ್ಣೀರನ್ನೂ ಸಂಗ್ರಹಿಸಿ ಎರಡನ್ನೂ ಹೋಲಿಸಿದರು. ದುಃಖದ ಕಣ್ಣೀರಲ್ಲಿ ಪ್ರೋಟೀನ್ ಜಾಸ್ತಿ ಇತ್ತು. ಪ್ರೊಲ್ಯಾಕ್ಟಿನ್, ಎಸಿಟಿಎಚ್ ಥರದ ಒತ್ತಡಕ್ಕೆ ಸಂಬಂಧಪಟ್ಟ ಹಾರ್ಮೋನುಗಳೂ ಕಣ್ಣೀರಲ್ಲಿ ಸಿಕ್ಕವು. ಹಾಗಾದರೆ ಅಳು ಅಂದ್ರೆ ದೇಹದ ಕಸ ಹೊರಹಾಕೋ ದಾರಿ ಇರಬಹುದು ಅಂತ ಅವರು ಊಹಿಸಿದರು. ಊಹೆ ಅಷ್ಟೇ. ಎಷ್ಟು ಜೋರಾಗಿ ಅತ್ತರೂ ಕೆನ್ನೆ ಮೇಲೆ ಇಳಿಯೋದು ಚಮಚ ಲೆಕ್ಕದ ನೀರು. ಇಡೀ ದೇಹದ ರಕ್ತದಲ್ಲಿ ಓಡಾಡೋ ಹಾರ್ಮೋನನ್ನ ಆ ದಾರೀಲಿ ಖಾಲಿ ಮಾಡೋದು ಅಂದ್ರೆ ನಲ್ಲೂರು ಕೆರೆಯನ್ನ ಲೋಟದಲ್ಲಿ ಬತ್ತಿಸಿದ ಹಾಗೆ. ಆ ಕೆಲಸಕ್ಕೆ ಲಿವರ್, ಕಿಡ್ನಿ ಇವೆ.

ಫ್ರೇ ಇನ್ನೊಂದು ಲೆಕ್ಕ ಹಾಕಿದ್ದರು. ಹೆಂಗಸರು ತಿಂಗಳಿಗೆ ಸರಾಸರಿ ಐದು ಸಲಕ್ಕೂ ಸ್ವಲ್ಪ ಹೆಚ್ಚು ಅಳ್ತಾರೆ, ಗಂಡಸರು ಒಂದೂವರೆಗಿಂತ ಕಡಿಮೆ. ಮಜಾ ಏನಂದ್ರೆ ಚಿಕ್ಕ ಮಕ್ಕಳಾಗಿದ್ದಾಗ ಈ ವ್ಯತ್ಯಾಸ ಅಷ್ಟಾಗಿ ಇರೋದಿಲ್ಲ. ಹನ್ನೊಂದು, ಹನ್ನೆರಡು, ಹದಿಮೂರರ ಹೊತ್ತಿಗೆ ದಾರಿ ಬೇರೆ ಆಗುತ್ತೆ. ಆ ವಯಸ್ಸಿಗೇ ಹೆಣ್ಣುಮಕ್ಕಳಲ್ಲಿ ಪ್ರೊಲ್ಯಾಕ್ಟಿನ್ ಏರುತ್ತೆ, ಗಂಡುಮಕ್ಕಳಲ್ಲಿ ಟೆಸ್ಟೋಸ್ಟಿರೋನ್ ಏರುತ್ತೆ. ಟೆಸ್ಟೋಸ್ಟಿರೋನ್ ಅಳುವಿಗೆ ಅಡ್ಡ ಬರುತ್ತೆ ಅನ್ನೋ ಅನುಮಾನ ವಿಜ್ಞಾನಿಗಳಿಗೆ ಇದೆ. ಆದರೆ ಆ ವಯಸ್ಸಲ್ಲೇ ಅಲ್ವಾ ನಮಗೆ "ಗಂಡ್ಸಾಗಿ ಅಳ್ತೀಯಲ್ಲೋ" ಅಂತ ಹೇಳೋಕೆ ಶುರು ಮಾಡೋದು? ನಗೋ ಹೆಂಗಸನ್ನ ಅಳೋ ಗಂಡಸನ್ನ ನಂಬಬಾರದು ಅಂತ ಗಾದೆ ಬೇರೆ ಕಟ್ಟಿಟ್ಟಿದ್ದಾರೆ ನಮ್ಮ ಹಿರಿಯರು. ಹಾರ್ಮೋನ್ ಎಷ್ಟು, ಗಾದೆ ಎಷ್ಟು ಅಂತ ಬೇರೆ ಮಾಡೋದು ಕಷ್ಟ.

ಅತ್ತರೆ ಹಗುರ ಆಗುತ್ತಾ? ನೆದರ್ಲೆಂಡ್ಸಿನ ಆಡ್ ವಿಂಗರ್‌ಹೂಟ್ಸ್ ಇದರ ಮೇಲೇ ದಶಕಗಟ್ಟಲೆ ಕೆಲಸ ಮಾಡಿದವರು. ಅವರ ತಂಡ 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನರಿಗೆ 'ಲೈಫ್ ಈಸ್ ಬ್ಯೂಟಿಫುಲ್' ಮತ್ತು ಆ ನಾಯಿಯ ಸಿನಿಮಾ 'ಹಾಚಿ' ತೋರಿಸಿದರು. ಅತ್ತವರ ಮನಸ್ಸು ಸಿನಿಮಾ ಮುಗಿದ ತಕ್ಷಣ ಇನ್ನೂ ಕೆಟ್ಟಿತ್ತು. ಇಪ್ಪತ್ತು ನಿಮಿಷಕ್ಕೆ ಮೊದಲಿನ ಸ್ಥಿತಿಗೆ ಬಂತು. ಒಂದೂವರೆ ಗಂಟೆ ಆದ ಮೇಲೆ ಸಿನಿಮಾಕ್ಕೆ ಮುಂಚೆ ಇದ್ದದ್ದಕ್ಕಿಂತ ಚೆನ್ನಾಗಿತ್ತು. ಅಳದೇ ಇದ್ದವರಲ್ಲಿ ಈ ಏರಿಳಿತ ಕಾಣಲಿಲ್ಲ. ಎಲ್ಲ ಅಳುವೂ ಹಗುರ ಮಾಡಲ್ಲ ಅಂತಲೂ ಇದೇ ಕ್ಷೇತ್ರದವರು ಹೇಳ್ತಾರೆ. ಪಕ್ಕದಲ್ಲಿ ಸಮಾಧಾನ ಮಾಡೋರು ಇದ್ದರೆ ಹಗುರ, ನಾಚಿಕೆ ಪಟ್ಟುಕೊಂಡು ಅತ್ತರೆ ಇಲ್ಲ.

ಸರಿ, ಅಳುವಿನ ಮಾತು ಹಾಗಿರಲಿ. ಹೆಂಗಸರು ನಿಜಕ್ಕೂ ಜಾಸ್ತಿ ಬದುಕ್ತಾರಾ? ಇಲ್ಲೇ ನನಗೆ ದೊಡ್ಡ ಆಶ್ಚರ್ಯ ಕಾದಿತ್ತು. ಭಾರತದ ಮಾದರಿ ನೋಂದಣಿ ವ್ಯವಸ್ಥೆ, ಅಂದ್ರೆ ಎಸ್‌ಆರ್‌ಎಸ್ ಲೆಕ್ಕದ ಪ್ರಕಾರ 2016-20ರಲ್ಲಿ ಗಂಡಸಿನ ನಿರೀಕ್ಷಿತ ಆಯಸ್ಸು 68.6 ವರ್ಷ, ಹೆಂಗಸಿನದು 71.4. ಹತ್ತಿರ ಹತ್ತಿರ ಮೂರು ವರ್ಷ ಜಾಸ್ತಿ. ಇದು ಎಲ್ಲರಿಗೂ ಗೊತ್ತಿರೋ ಕತೆ. ಆದರೆ ಅದೇ ಲೆಕ್ಕದ 1970-75ರ ಪುಟ ತೆಗೆದರೆ, ಗಂಡಸು 50.5, ಹೆಂಗಸು 49. ಉಲ್ಟಾ! ಅಂದ್ರೆ ನಮ್ಮಜ್ಜಿ ಮಕ್ಕಳನ್ನ ಸಾಕ್ತಿದ್ದ ಕಾಲದಲ್ಲಿ ಈ ದೇಶದಲ್ಲಿ ಹೆಂಗಸರೇ ಬೇಗ ಸಾಯ್ತಿದ್ದರು. ಲೆಕ್ಕ ತಿರುಗಿದ್ದು 1980ರ ದಶಕದಲ್ಲಿ.

ಆಗಿನ ಹೆಂಗಸರು ಕಡಿಮೆ ಅಳ್ತಿದ್ದರಾ? ಇಲ್ಲವಲ್ಲ. ಹಾರ್ಮೋನೂ ಅದೇ. ಬದಲಾಗಿದ್ದು ಹೆರಿಗೆ. 1997-98ರಲ್ಲಿ ಕೂಡ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 398 ತಾಯಂದಿರು ಸಾಯ್ತಿದ್ದರು. 2018-20ಕ್ಕೆ ಅದು 97ಕ್ಕೆ ಇಳಿಯಿತು, ಕರ್ನಾಟಕದಲ್ಲಿ 69. ಜೊತೆಗೆ ಹೆಣ್ಣುಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗೋದು, ತಟ್ಟೆಗೆ ಊಟ ಹಾಕೋದು. ದೇಹ ಕೊಡೋ ಮುಂದಾಳತ್ವವನ್ನ ಮನೆ, ಊರು ಸೇರಿ ಕಿತ್ತುಕೊಂಡಿದ್ದರು. ಕಿತ್ತುಕೊಳ್ಳೋದು ಕಡಿಮೆ ಆದ ಮೇಲೆ ಅದು ಕಾಣಿಸಿತು.

ದೇಹ ಕೊಡೋ ಮುಂದಾಳತ್ವ ಅಂದೆ. ಅದಕ್ಕೆ ಸಾಕ್ಷಿ ಇದೆ. 1930ರ ದಶಕದ ಉಕ್ರೇನಿನ ಬರಗಾಲ, ಐರ್ಲೆಂಡಿನ ಕ್ಷಾಮ, ಟ್ರಿನಿಡಾಡಿನ ಗುಲಾಮರ ತೋಟಗಳು, ಇಂಥ ಘೋರ ಕಾಲಗಳ ದಾಖಲೆ ಸೇರಿಸಿ 2018ರಲ್ಲಿ ವರ್ಜೀನಿಯಾ ಜರುಲ್ಲಿ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಬಹುತೇಕ ಕಡೆ ಹೆಂಗಸರೇ ಹೆಚ್ಚು ಬದುಕಿದ್ದರು. ಈ ವ್ಯತ್ಯಾಸದ ದೊಡ್ಡ ಪಾಲು ಹಸುಗೂಸುಗಳಲ್ಲೇ ಕಂಡಿತ್ತು. ಹಸುಗೂಸಿಗೆ ಬೀಡಿ ಇಲ್ಲ, ಬೈಕ್ ಇಲ್ಲ, ಜಂಬ ಇಲ್ಲ.

ಯಾಕೆ? ಒಂದು ಉತ್ತರ ಕ್ರೋಮೋಸೋಮು. ಹೆಂಗಸಿಗೆ ಎರಡು ಎಕ್ಸ್. ಒಂದರಲ್ಲಿ ತಪ್ಪಿದ್ದರೆ ಇನ್ನೊಂದು ಬ್ಯಾಕಪ್. ನಮಗೆ ಒಂದೇ ಎಕ್ಸ್, ಪಕ್ಕದಲ್ಲಿ ಪುಟಾಣಿ ವೈ. ಬ್ಯಾಕಪ್ ಇಲ್ಲದ ಸರ್ವರ್. ಹಕ್ಕಿಗಳಲ್ಲಿ ಇದು ಉಲ್ಟಾ, ಗಂಡಿಗೇ ಎರಡು ಒಂದೇ ಥರದ ಕ್ರೋಮೋಸೋಮು, ಅಲ್ಲಿ ಸಾಮಾನ್ಯವಾಗಿ ಗಂಡೇ ಹೆಚ್ಚು ಬದುಕುತ್ತೆ. ಇನ್ನೊಂದು ಉತ್ತರ ಹಾರ್ಮೋನು. ಈಸ್ಟ್ರೋಜನ್ ಒಳ್ಳೆ ಕೊಲೆಸ್ಟ್ರಾಲನ್ನ ಹೆಚ್ಚಿಡುತ್ತೆ, ರಕ್ತನಾಳಗಳನ್ನ ಮೆದುವಾಗಿಡುತ್ತೆ. ಮುಟ್ಟು ನಿಲ್ಲೋವರೆಗೆ ಹೆಂಗಸರಿಗೆ ಹೃದಯಾಘಾತ ಕಡಿಮೆ, ಆಮೇಲೆ ಏರುತ್ತೆ. ಹಾಗಾದ್ರೆ ಮಾತ್ರೆಯಲ್ಲಿ ಹಾರ್ಮೋನ್ ಕೊಟ್ಟರೆ ಆಯ್ತಲ್ಲ ಅಂತ ಅಮೆರಿಕದಲ್ಲಿ ದೊಡ್ಡ ಪ್ರಯೋಗ ನಡೀತು. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಕೊಟ್ಟ ಭಾಗವನ್ನ 2002ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯ್ತು. ಹೃದಯಕ್ಕೆ ರಕ್ಷಣೆ ಸಿಗಲಿಲ್ಲ, ಸ್ತನ ಕ್ಯಾನ್ಸರ್ ಅಪಾಯ ಹೆಚ್ಚಿತ್ತು.

ಟೆಸ್ಟೋಸ್ಟಿರೋನ್ ಬಗ್ಗೆ ಸಿಕ್ಕ ಒಂದು ಲೆಕ್ಕ ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೊರಿಯಾದ ಚೋಸನ್ ಅರಮನೆಯ ನಪುಂಸಕ ಸೇವಕರ ವಂಶಾವಳಿ ದಾಖಲೆ ಉಳಿದಿದೆ. ಬಾಲ್ಯದಲ್ಲೇ ವೃಷಣ ಕಳೆದುಕೊಂಡವರು. 2012ರಲ್ಲಿ ಅದರಿಂದ 81 ಜನರ ಆಯಸ್ಸು ಲೆಕ್ಕ ಹಾಕಿದರು. ಸರಾಸರಿ 70 ವರ್ಷ. ಅದೇ ಅಂತಸ್ತಿನ ಬೇರೆ ಗಂಡಸರಿಗಿಂತ 14ರಿಂದ 19 ವರ್ಷ ಜಾಸ್ತಿ. ಅವರಲ್ಲಿ ಮೂವರು ನೂರು ದಾಟಿದ್ದರು. ಈ ಉಪಾಯ ಬೇಡ ಅಂತ ನಾವೆಲ್ಲ ಒಪ್ಪೋಣ.

ಇಷ್ಟು ಓದಿದಾಗ, ಎಲ್ಲಾ ಹುಟ್ಟಿನಿಂದಲೇ ಬಂದಿದ್ದು, ನಾವೇನು ಮಾಡೋಕಾಗುತ್ತೆ ಅನ್ನಿಸಿತ್ತು. ಆಗ ಸಿಕ್ಕಿದ್ದು ಜರ್ಮನಿಯ ಮಠಗಳ ಅಧ್ಯಯನ. ಬವೇರಿಯಾದ ಹನ್ನೊಂದು ಸಾವಿರಕ್ಕೂ ಹೆಚ್ಚು ಕ್ಯಾಥೊಲಿಕ್ ಸನ್ಯಾಸಿ, ಸನ್ಯಾಸಿನಿಯರ ಆಯಸ್ಸನ್ನ ಮಾರ್ಕ್ ಲೂಯ್ ಲೆಕ್ಕ ಹಾಕಿದರು. ಒಂದೇ ಥರದ ಊಟ, ಒಂದೇ ಥರದ ದಿನಚರಿ. ಹೊರಗಿನ ಸಮಾಜದಲ್ಲಿ ಗಂಡು ಹೆಣ್ಣಿನ ನಡುವೆ ಹಲವು ವರ್ಷಗಳ ಅಂತರ ಇದ್ದಾಗ ಮಠದೊಳಗೆ ಅದು ಸುಮಾರು ಒಂದು ವರ್ಷ ಮಾತ್ರ. ಕ್ರೋಮೋಸೋಮು ಅದೇ, ಹಾರ್ಮೋನು ಅದೇ. ಅಂತರದ ದೊಡ್ಡ ಪಾಲು ಬದುಕೋ ರೀತಿಯಿಂದ ಬಂದಿದ್ದು.

ನಮ್ಮ ಬದುಕೋ ರೀತಿ ನೋಡಿ. 2016-17ರ ಸಮೀಕ್ಷೆಯಲ್ಲಿ ದೇಶದ ಗಂಡಸರಲ್ಲಿ ನೂರಕ್ಕೆ 42 ಜನ ತಂಬಾಕು ಬಳಸ್ತಾರೆ, ಹೆಂಗಸರಲ್ಲಿ 14. ರಸ್ತೆ ಅಪಘಾತದಲ್ಲಿ ಸಾಯೋ ಹತ್ತು ಜನರಲ್ಲಿ ಎಂಟಕ್ಕಿಂತ ಹೆಚ್ಚು ಗಂಡಸರು. ಇನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕ: ಆತ್ಮಹತ್ಯೆ ಮಾಡಿಕೊಂಡವರು 1,70,924. ಅದರಲ್ಲಿ ಗಂಡಸರು 1,22,724. ತಿಂಗಳಿಗೆ ಐದು ಸಲ ಅಳೋರಲ್ಲ, ಅಳದೇ ಇರೋರು.

ಈ ಕೊನೆ ಸಾಲು ಬರೆದು ಅಳಿಸೋಣ ಅಂದುಕೊಂಡೆ. ಅಳದೇ ಇದ್ದಿದ್ದಕ್ಕೇ ಹೀಗಾಯ್ತು ಅಂತ ಹೇಳೋಕೆ ಬರಲ್ಲ. ಸಾಲ, ಕುಡಿತ, ಕೆಲಸ, ಕಾಯಿಲೆ, ನೂರೆಂಟು ಕಾರಣ ಇರುತ್ತೆ. ಆದರೆ ಒಳಗೆ ಇಟ್ಟುಕೊಂಡರೆ ದೇಹದಲ್ಲಿ ಏನಾಗುತ್ತೆ ಅಂತ ಜೇಮ್ಸ್ ಗ್ರಾಸ್, ರಾಬರ್ಟ್ ಲೆವೆನ್ಸನ್ 1990ರ ದಶಕದಲ್ಲಿ ನೋಡಿದ್ದಾರೆ. ಮನಸ್ಸು ಕಲಕೋ ಸಿನಿಮಾ ತೋರಿಸಿ, ಕೆಲವರಿಗೆ "ಮುಖದಲ್ಲಿ ಏನೂ ತೋರಿಸಬೇಡಿ" ಅಂದರು. ಮುಖ ಶಾಂತವಾಯ್ತು. ಆದರೆ ಚರ್ಮದ ಬೆವರು, ರಕ್ತನಾಳಗಳ ಬಿಗಿತ ಎಲ್ಲಾ ಸುಮ್ಮನೆ ನೋಡಿದವರಿಗಿಂತ ಹೆಚ್ಚಾಯ್ತು. ನಮ್ಮ ಕೆಲಸದಲ್ಲಿ ಇದನ್ನ ನೋಡಿದ್ದೀವಿ. ಎರರ್ ಬಂದರೆ ಹಿಡಿದು, ಲಾಗಿಗೂ ಬರೆಯದೆ ನುಂಗೋ ಕೋಡ್. ಸ್ಕ್ರೀನ್ ಮೇಲೆ ಎಲ್ಲಾ ಹಸಿರು, ಒಳಗೆ ಮೆಷೀನ್ ಕಾದು ಕೆಂಪಾಗಿರುತ್ತೆ.

ಅಪ್ಪ, ನೂರು ಕುರ್ಚಿ, 178ಕ್ಕೆ 104.

ದೊಡ್ಡಪ್ಪನೂ ಹಾಗೇ. ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ ಜಮೀನಿನ ಹೋರಾಟ ಮೂರು ವರ್ಷದ ಮೇಲೆ ನಡೀತಲ್ಲ, ನಮ್ಮ ನಲ್ಲೂರೂ ಅದರಲ್ಲಿ ಒಂದು. ದೊಡ್ಡಪ್ಪ ಧರಣಿಗೆ ಹೋಗಿ ಕೂರ್ತಿದ್ದರು, ಸಂಜೆ ಬಂದು ಹುಳಕ್ಕೆ ಸೊಪ್ಪು ಹಾಕ್ತಿದ್ದರು. ಮನೇಲಿ ಅದರ ಬಗ್ಗೆ ಒಂದು ಮಾತಿಲ್ಲ. 2025ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಡ್ತು ಅಂತ ಟೀವೀಲಿ ಬಂದಾಗ ದೊಡ್ಡಮ್ಮ ಗೊಳೋ ಅಂತ ಅತ್ತಳು, ಖುಷಿಗೆ. ದೊಡ್ಡಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ತೋಟಕ್ಕೆ ಹೋದರಂತೆ. ಆ ಮೂರು ವರ್ಷವೇ ಅವರ ಎದೆ ಒಡೀತು ಅಂತ ನಾನು ಹೇಳ್ತಿಲ್ಲ. ಬೀಡಿ ಇತ್ತು, ಸಕ್ಕರೆ ಇತ್ತು. ಆದರೆ ಆ ಎರಡು ದಿನದ ಸೋಡಾ ಇದೆಯಲ್ಲ, ಅದು ನನ್ನನ್ನ ಬಿಡ್ತಿಲ್ಲ. ಅಳೋದು ಬೇಡಪ್ಪ, "ಎದೆ ನೋಯ್ತಿದೆ" ಅನ್ನೋ ಎರಡು ಪದ. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಿಂದ ಇದೆ. ಅಲ್ಲಿ ಇಸಿಜಿ ತೆಗೆದು, ಹೃದಯಾಘಾತ ಅಂತ ಗೊತ್ತಾದರೆ ರಕ್ತದ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡ್ತಾರೆ. ಆದರೆ ಮೊದಲು ಬಾಯಿ ಬಿಡಬೇಕು.

ಪುನೀತ್ ಹೆಸರು ಬಂದಾಗ ನೆನಪಾಯ್ತು. 2021ರ ಅಕ್ಟೋಬರ್ 29. ನನ್ನ ರೂಮ್‌ಮೇಟ್, ಲೇಆಫ್ ಆದಾಗಲೂ ಕಣ್ಣು ಒದ್ದೆ ಮಾಡದವನು, ಅವತ್ತು ಮಂಚದ ಮೇಲೆ ಕೂತು ಮಗುವಿನ ಹಾಗೆ ಅತ್ತ. ಕಂಠೀರವ ಸ್ಟೇಡಿಯಂ ಮುಂದಿನ ಸಾಲಿನಲ್ಲಿ ಮೀಸೆ ಹೊತ್ತ ಗಂಡಸರು ಅಳ್ತಾ ನಿಂತಿದ್ದನ್ನ ಇಡೀ ಕರ್ನಾಟಕ ನೋಡಿತು. ಯಾರೂ ನಗಲಿಲ್ಲ. ಅಪ್ಪುಗೆ ಅಂತ ಒಂದು ಪರ್ಮಿಷನ್ ಸಿಕ್ಕಿತ್ತು ನಮಗೆಲ್ಲ. ಮುಂದಿನ ವಾರ ಜಯದೇವದಲ್ಲಿ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. ಅತ್ತಿದ್ದಕ್ಕೂ ಆಸ್ಪತ್ರೆಗೆ ಹೋಗಿದ್ದಕ್ಕೂ ಏನೋ ನಂಟಿದೆ ಅಂತ ನನಗೆ ಅನ್ನಿಸುತ್ತೆ. ಇದಕ್ಕೆ ಯಾವ ಅಧ್ಯಯನವೂ ಇಲ್ಲ, ನನ್ನ ಅನಿಸಿಕೆ ಅಷ್ಟೇ.

ಅಮೆರಿಕದ ಜೇಮ್ಸ್ ಪೆನ್ನಬೇಕರ್ 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಕಾಲೇಜು ಹುಡುಗ ಹುಡುಗಿಯರಿಗೆ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ಬದುಕಿನ ಅತಿ ಕೆಟ್ಟ ಘಟನೆ ಬಗ್ಗೆ ಬರೆಯೋಕೆ ಹೇಳಿದರು. ಏನಾಯ್ತು, ಏನನ್ನಿಸಿತು, ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋಗಿದ್ದು ಕಡಿಮೆ. ಓದಿದಾಗ ದೊಡ್ಡಮ್ಮನ ಹಾಡು ನೆನಪಾಯ್ತು. ನೀರಲ್ಲ ಇಲ್ಲಿ ಕೆಲಸ ಮಾಡೋದು, ಮಾತು. ಸಾಲ, ಗೂಡಿನ ರೇಟು, ಎರಡು ದಿನ ಉಜ್ಜಿಕೊಂಡ ಎದೆ, ಎಲ್ಲವನ್ನೂ ಹೆಸರಿಟ್ಟು ಹೇಳೋದು, ಪಕ್ಕದಲ್ಲಿ ಹತ್ತು ಹೆಂಗಸರು ಕೂತು ಹೂಂಗುಟ್ಟೋದು.

ಇದನ್ನೆಲ್ಲಾ ಅಜ್ಜಿಗೆ ಹೇಳಿದೆ. ಹೆಂಗಸರು ಅಳೋದ್ರಿಂದ ಜಾಸ್ತಿ ಬದುಕ್ತಾರಂತೆ ಕಣಜ್ಜಿ ಅಂತ, ಸ್ವಲ್ಪ ತಮಾಷೆಗೆ. ಅಜ್ಜಿ ಎಲೆಗೆ ಸುಣ್ಣ ಹಚ್ಚೋದು ನಿಲ್ಲಿಸಿದಳು. "ಅತ್ತು ಬದುಕ್ದೋರಲ್ಲ ಕಣ್ ಮಗ ನಾವು. ಬದುಕ್ ಉಳ್ದಿದ್ದಕ್ಕೆ ಅಳ್ತಾ ಇರೋದು. ನಿಮ್ಮ ತಾತ ಹೋಗಿ ಇಪ್ಪತ್ತೆರಡು ವರ್ಸ. ಈಗ ಇವ್ನು. ಇನ್ನ ಏನೇನ್ ನೋಡ್ಬೇಕೋ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ವರ್ಷ ಜಾಸ್ತಿ ಅನ್ನೋದನ್ನ ನಾವು ಬಹುಮಾನದ ಹಾಗೆ ಹೇಳ್ತೀವಿ. 2011ರ ಜನಗಣತಿಯಲ್ಲಿ ಗಂಡ ಕಳೆದುಕೊಂಡ ಹೆಂಗಸರು ನಾಲ್ಕು ಕೋಟಿಗೂ ಹೆಚ್ಚು. ಆ ಜಾಸ್ತಿ ವರ್ಷಗಳಲ್ಲಿ ಮಂಡಿನೋವು, ಒಂಟಿತನ, ಮಕ್ಕಳ ಮನೆಗೆ ಸರದಿ ಮೇಲೆ ಓಡಾಟ. ಹೆಂಗಸರ ಎದೆಗೂ ದುಃಖ ಬಡಿಯುತ್ತೆ. ಟಾಕೊಟ್ಸುಬೊ ಅಂತ ಒಂದು ಹೃದಯದ ತೊಂದರೆ ಇದೆ, 1990ರ ಹೊತ್ತಿಗೆ ಜಪಾನಿನ ವೈದ್ಯರು ಗುರುತಿಸಿ, ಆಕ್ಟೋಪಸ್ ಹಿಡಿಯೋ ಮಡಕೆಯ ಹೆಸರಿಟ್ಟರು. ದೊಡ್ಡ ಆಘಾತ ಆದಾಗ ಹೃದಯದ ಒಂದು ಭಾಗ ಮಡಕೆ ಹಾಗೆ ಊದಿಕೊಳ್ಳುತ್ತೆ. ಅದು ಬರೋರಲ್ಲಿ ನೂರಕ್ಕೆ ತೊಂಬತ್ತರಷ್ಟು ಹೆಂಗಸರು, ಹೆಚ್ಚಿನವರು ಮುಟ್ಟು ನಿಂತವರು. ದೊಡ್ಡಮ್ಮನ ಇಸಿಜಿಯನ್ನೂ ತೆಗೆಸಬೇಕು ಅಂತ ಹೊಳೆದಿದ್ದು ಇದನ್ನ ಓದಿದ ಮೇಲೆ. ಎಲ್ಲರೂ ಅವಳು ಚೆನ್ನಾಗಿ ಅತ್ತಳು, ಹಗುರ ಆಯ್ತು ಅಂತ ಸುಮ್ಮನಿದ್ದರು. ನಾನೂ.

ಹೋದ ಭಾನುವಾರ ಸಂಜೆ ಅಪ್ಪನನ್ನ ಬೈಕಲ್ಲಿ ಕೂರಿಸಿಕೊಂಡು ಹುಣಸೆ ತೋಪಿನ ಕಡೆ ಹೋದೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆದ ತೋಪು ಇದೇ. ಬೋರ್ಡ್ ನೋಡೋಕೆ ಹೊರಗಿನವರು ಬರ್ತಾರೆ, ನಾವು ಹೋಗೋದು ಕಡಿಮೆ. ಅಪ್ಪನೇ ನಿಲ್ಲಿಸು ಅಂದರು. ಒಳಗೆ ಟೊಳ್ಳಾಗಿ ಸೀಳಿಹೋದ ಒಂದು ಮರದ ಹತ್ತಿರ ನಿಂತು, ಅಣ್ಣ ತಮ್ಮ ಇಲ್ಲಿ ಹುಣಸೆಹಣ್ಣು ಕದ್ದಿದ್ದು, ಸಿಕ್ಕಿಬಿದ್ದಾಗ ಅಣ್ಣ ತಾನೇ ಅಂತ ಹೇಳಿ ಏಟು ತಿಂದಿದ್ದು ಹೇಳಿದರು. ಅರ್ಧ ಗಂಟೆ ಹೇಳಿದರು. ಅಪ್ಪ ಅಳಲಿಲ್ಲ. ನನಗೇ ಕಣ್ಣು ತುಂಬಿತು. ಅಷ್ಟರಲ್ಲಿ ಏರ್‌ಪೋರ್ಟ್ ಕಡೆಯಿಂದ ಒಂದು ವಿಮಾನ ಮೇಲೇರಿತು, ಅದನ್ನ ನೋಡೋ ಹಾಗೆ ತಲೆ ಎತ್ತಿದೆ. ಇಷ್ಟೆಲ್ಲಾ ಓದಿದವನು!

ಬೈಕ್ ಹತ್ತುವಾಗ ಅಪ್ಪ ಮೆಲ್ಲಗೆ ಅಂದರು, "ಎಡಗೈ ಜೋಮು ಹಿಡ್ದಂಗೆ ಆಯ್ತದೆ ಕಣೋ. ಒಂದ್ ವಾರದಿಂದ."

ಮನೆ ಕಡೆ ತಿರುಗಿಸಲಿಲ್ಲ, ಸೀದಾ ದೇವನಹಳ್ಳಿಗೆ ಬಿಟ್ಟೆ. ಇಸಿಜಿ ನಾರ್ಮಲ್ ಬಂತು, ಎಕೋ ಮಾಡಿಸಿ ಅಂದಿದ್ದಾರೆ. ಬಿಪಿ ಮಾತ್ರೆ ಶುರುವಾಗಿದೆ, ದಿನಕ್ಕೊಂದು, ಬೆಳಗ್ಗೆ. ವಾಪಸ್ ಬರುವಾಗ "ನಿಮ್ಮಮ್ಮಂಗೆ ಹೇಳ್ಬೇಡ, ಸುಮ್ನೆ ಗಾಬರಿ ಬೀಳ್ತಾಳೆ" ಅಂದರು.

ಹೇಳಿದೆ.